ಕಾರವಾರದ ಬೈತಖೋಲ್ ಅಂಗಡಿಯ ಪಿಸಿ: ದೋಷ ಇವೆಂಟ್ 41ರಲ್ಲಿರಲಿಲ್ಲ

ಬಿಲ್ ಹೊಡೆಯುತ್ತಿದ್ದಂತೆ ಪಿಸಿ ಸ್ತಬ್ಧ. ಪವರ್ ಬಟನ್ ಒತ್ತಿ ಹಿಡಿಯುವುದೇ ಗತಿ. ಪಿಸಿಯ ಆಗುಹೋಗುಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಕರ್ನಲ್-ಪವರ್ 41 ಎಂಬ ಇವೆಂಟ್. ಇದನ್ನು ನೋಡಿಯೇ ಪಿಸಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಬದಲಿಸುವವರಿದ್ದಾರೆ, ದುಡ್ಡು ದಂಡ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ ಎಂದಷ್ಟೇ ಅದರ ಅರ್ಥ, ಬರೆಯುವುದೂ ಮತ್ತೆ ಬೂಟ್ ಆದ ಮೇಲೆ.

ನೋಡಬೇಕಾದ್ದು ಅದಕ್ಕೆ ಮುಂಚಿನ ಹತ್ತು ನಿಮಿಷ. ಅಲ್ಲಿ ಡಿಸ್ಕ್ ಉತ್ತರಿಸದೆ ರೀಸೆಟ್ ಮಾಡಬೇಕಾಯಿತು ಎನ್ನುವ ಸ್ಟೋರ್‌ಎಎಚ್‌ಸಿಐ 129, ಬೆನ್ನಿಗೇ ಓದು-ಬರಹ ಮತ್ತೆ ಯತ್ನಿಸಬೇಕಾಯಿತು ಎನ್ನುವ ಡಿಸ್ಕ್ 153 ಸಾಲುಗಟ್ಟಿದ್ದವು. ಬ್ಯಾಡ್ ಬ್ಲಾಕ್ (ಡಿಸ್ಕ್ ಮೇಲಿನ ಕೆಟ್ಟ ಜಾಗ) ಹೇಳುವ ಇವೆಂಟ್ 7 ಒಂದೂ ಇಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿಸಿದ ಜಾಗ) 0, ಸಿಆರ್‌ಸಿ ಎರರ್ (ಡೇಟಾ ಸಾಗುವಾಗ ಆಗುವ ತಪ್ಪು) ಮಾತ್ರ ಏರುತ್ತಿತ್ತು. ಹಾಗಾಗಿ ಅನುಮಾನ ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಮೇಲೆ. ಕಿತ್ತು ನೋಡಿದರೆ ಕನೆಕ್ಟರ್ ಒಳಗೆ ಹಸಿರು ಕಿಲುಬು, ಕಡಲ ಉಪ್ಪುಗಾಳಿಯ ಕೆಲಸ.

ಪೋರ್ಟನ್ನು 99% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಉಜ್ಜಿ, ಒಣಗಿಸಿ, ಹೊಸ ಕೇಬಲ್ ಹಾಕಿದೆ. 129 ನಿಂತಿತು. ಸಿಆರ್‌ಸಿ ಎಣಿಕೆ ಇಳಿಯುವುದಿಲ್ಲ, ಏರದಿದ್ದರೆ ಸಾಕು.