ಬೇಕ್ಡ್ ಬ್ರೀಗೆ ಕ್ರ್ಯಾನ್‌ಬೆರಿ ಗೊಜ್ಜು: ನನ್ನ ಅನುಭವ

"ಚೀಸ್ ಮೇಲೆ ಬೆಲ್ಲದ ಗೊಜ್ಜಾ? ಸುಮ್ನೆ ಪನೀರ್ ಟಿಕ್ಕಾ ಮಾಡ್ರೀ" ಅಂದವರೇ ಎಲ್ಲ. ಈಗ ಅಕ್ಟೋಬರ್ ಬಂತೆಂದರೆ ನ್ಯೂಜೆರ್ಸಿಯ ನಮ್ಮ ಬಳಗದವರು ದೀಪಾವಳಿ ಊಟಕ್ಕೂ ಥ್ಯಾಂಕ್ಸ್‌ಗಿವಿಂಗ್‌ಗೂ ಈ ಗೊಜ್ಜು ಹಾಕಿದ ಬೇಕ್ಡ್ ಬ್ರೀಯನ್ನೇ ಕೇಳುತ್ತಾರೆ. ಟಿಕ್ಕಾ ಅಂದವರೇ ಮೊದಲು ಕೈ ಹಾಕೋದು!

ಬ್ರೀ ಅಂದರೆ ಬಿಳಿ ಸಿಪ್ಪೆಯ ಮೆತ್ತನೆಯ ಫ್ರೆಂಚ್ ಚೀಸ್. ಅದನ್ನು ಪಫ್ ಪೇಸ್ಟ್ರಿಯಲ್ಲಿ, ಅಂದರೆ ಪದರ ಪದರವಾಗಿ ಉಬ್ಬುವ ಹಿಟ್ಟಿನ ಹಾಳೆಯಲ್ಲಿ, ಸುತ್ತಿ ಬೇಕ್ ಮಾಡೋದು. ಕೈ ಕೊಡೋದು ಸೋರಿಕೆ. ಹೊದಿಕೆ ಕೆಂಪಗಾಗುವ ಮೊದಲೇ ಚೀಸ್ ಕರಗಿ ಟ್ರೇ ತುಂಬ ಹರಿಯುತ್ತದೆ. ಎಂಟು ಔನ್ಸ್‌ನ ಬ್ರೀಗೆ ಎಂಟೊಂಬತ್ತು ಡಾಲರ್, ಪೇಸ್ಟ್ರಿಗೆ ಆರೇಳು. ಒಂದು ಸಲ ಹರಿದರೆ ಹದಿನೈದು ಡಾಲರ್ ಹೋಯಿತು ಅಂತಲೇ ಲೆಕ್ಕ. ಚೀಸ್ ದುಬಾರಿಯಾದರೆ ನಿಲ್ಲಬಹುದು ಅಂತ ಹೆಚ್ಚು ಕೆನೆಯ ಟ್ರಿಪಲ್ ಕ್ರೀಮ್ ಬ್ರೀ ತಂದೆ. ಬೆಣ್ಣೆಯಂಶ ಜಾಸ್ತಿ, ಅದು ಇನ್ನೂ ಬೇಗ ಹರಿಯಿತು. ಫ್ರಾನ್ಸಿನ ಅಸಲಿ ಬ್ರೀಯಾದ ಬ್ರೀ ದ ಮೋ ಹುಡುಕೋಕೆ ಹೋಗಬೇಡಿ. ಅದು ಹಸಿ ಹಾಲಿನದು. 60 ದಿನ ಮಾಗದ ಹಸಿ ಹಾಲಿನ ಚೀಸನ್ನು ಅಮೆರಿಕದಲ್ಲಿ ಮಾರುವಂತಿಲ್ಲ. ಸೂಪರ್ ಮಾರ್ಕೆಟ್ಟಿನ ಮಾಮೂಲಿ ಬ್ರೀ ಸಾಕು.

ಕೊನೆಗೆ ಕೆಲಸ ಮಾಡಿದ್ದು ಚಳಿ. ಬ್ರೀಯನ್ನು ಮುಕ್ಕಾಲು ಗಂಟೆ ಫ್ರೀಜರ್‌ನಲ್ಲಿಡಿ. ಮೇಲಿನ ಬಿಳಿ ಸಿಪ್ಪೆ ತೆಗೆಯಬೇಡಿ, ಸೋರದಂತೆ ಹಿಡಿಯೋದು ಅದೇ. ಬ್ರೀ ಮೇಲೆ ಹಾಕುವ ಗೊಜ್ಜು ಪೂರ್ತಿ ಆರಿರಬೇಕು. ಪೇಸ್ಟ್ರಿ ಮಡಚಿದ ಅಂಚುಗಳೆಲ್ಲ ತಳಭಾಗಕ್ಕೆ ಬರಲಿ. ಸುತ್ತಿದ ಮೇಲೆ ಮತ್ತೆ ಇಪ್ಪತ್ತು ನಿಮಿಷ ಫ್ರಿಜ್. ಆಮೇಲೆ 400 ಫ್ಯಾರನ್‌ಹೀಟ್, ಕೆಳಗಿನ ರ್‍ಯಾಕ್, ಸುಮಾರು ಅರ್ಧ ಗಂಟೆ. ಮೊಟ್ಟೆ ಬೇಡದವರು ಮೇಲೆ ಹಾಲು ಸವರಿದರೂ ಬಣ್ಣ ಬರುತ್ತದೆ, ಹೊಳಪು ಕಡಿಮೆ ಅಷ್ಟೇ. ಹೊರಗೆ ತೆಗೆದು ಕಾಲು ಗಂಟೆ ಯಾರಿಗೂ ಮುಟ್ಟೋಕೆ ಬಿಡಬೇಡಿ. ನಮ್ಮ ಭಾವನವರನ್ನು ತಡೆಯೋದೇ ದೊಡ್ಡ ಕೆಲಸ.

ಗೊಜ್ಜಿಗೆ 12 ಔನ್ಸ್‌ನ ಹಸಿ ಕ್ರ್ಯಾನ್‌ಬೆರಿ (ಹುಳಿಯಾದ ಪುಟ್ಟ ಕೆಂಪು ಹಣ್ಣು) ಪ್ಯಾಕೆಟ್, ಮುಕ್ಕಾಲು ಕಪ್ ಬೆಲ್ಲ, ಅರ್ಧ ಕಪ್ ನೀರು, ಉಪ್ಪು, ಬ್ಯಾಡಗಿ ಮೆಣಸಿನ ಪುಡಿ. ಹಣ್ಣು ಪಟಪಟ ಸಿಡಿದ ಮೇಲೆ ಹತ್ತು ನಿಮಿಷ ಕುದಿಸಿದರೆ ಆಯಿತು. ತೆಳ್ಳಗೆ ಕಂಡರೂ ಗಾಬರಿಯಾಗಬೇಡಿ, ಆರಿದ ಮೇಲೆ ತಾನೇ ಗಟ್ಟಿಯಾಗುತ್ತದೆ. ಒಂದು ಪ್ಯಾಕೆಟ್ ಗೊಜ್ಜು ಎರಡು ಮೂರು ಬ್ರೀಗೆ ಬರುತ್ತದೆ, ಉಳಿದದ್ದು ದೋಸೆಗೆ. ಸಾಸಿವೆ ಒಗ್ಗರಣೆ ಹೊಂದುತ್ತದೆ. ಇಂಗು ಮಾತ್ರ ಬೇಡ, ಬ್ರೀಯ ವಾಸನೆ ಜೊತೆ ಜಗಳಕ್ಕೇ ನಿಲ್ಲುತ್ತದೆ. ಕೊನೆಯಲ್ಲಿ ನಾನು ಇನ್ನೊಂದು ಪುಡಿ ಚಿಟಿಕೆಯಷ್ಟು ಉದುರಿಸುತ್ತೇನೆ. ಅದನ್ನು ಮಾತ್ರ ಹೇಳಲ್ಲ. ನಮ್ಮತ್ತಿಗೆ ಕೂಡ ಇನ್ನೂ ಹುಡುಕುತ್ತಲೇ ಇದ್ದಾರೆ.

ಈ ನಡುವೆ ಪನೀರ್ ಇಟ್ಟು ಸುತ್ತಿ ನೋಡಿದ್ದೂ ಉಂಟು. ಅದು ಕರಗೋದೇ ಇಲ್ಲ, ಒಳಗೆ ಇಟ್ಟಿಗೆ ಥರ ಕೂತಿತ್ತು. ಗ್ರ್ಯಾನಿ ಸ್ಮಿತ್ ಸೇಬು ತೆಳ್ಳಗೆ ಹೆಚ್ಚಿ ಗೊಜ್ಜಿನ ಕೆಳಗೆ ಹಾಸಿದ್ದು ಪರವಾಗಿಲ್ಲ. ಹನಿಕ್ರಿಸ್ಪ್ ಸೇಬು ಹಾಕಿದಾಗ ಅದು ನೀರು ಬಿಟ್ಟು ತಳ ಮೆತ್ತಗಾಯಿತು. ಬ್ರೀ ಜೊತೆ ತಿನ್ನೋಕೆ ಬಿಸ್ಕತ್ತಿನ ಬದಲು ನಿಪ್ಪಟ್ಟು ಇಟ್ಟದ್ದು ನನ್ನ ತಲೆಯದೇ, ಅದಕ್ಕೆ ಸಿಕ್ಕ ಹೊಗಳಿಕೆ ಬ್ರೀಗೂ ಸಿಕ್ಕಿಲ್ಲ.

ಬರುವವರಲ್ಲಿ ಕಟ್ಟಾ ಸಸ್ಯಾಹಾರಿಗಳಿದ್ದರೆ ಚೀಸಿನ ಲೇಬಲ್ ಓದಿ. ಕೆಲವು ಬ್ರೀಗಳಿಗೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪು ಹಾಕಿರುತ್ತಾರೆ. ಮೈಕ್ರೋಬಿಯಲ್ (ಸೂಕ್ಷ್ಮಜೀವಿಗಳಿಂದ ಮಾಡಿದ) ರೆನೆಟ್ ಅಂತ ಬರೆದಿದ್ದರೆ ತೊಂದರೆ ಇಲ್ಲ.