ಬಿಸಿಲಿನ ಬೇಲಿಗೆ ಗಿಡ ಆರಿಸುವಾಗ ಬುಡ ನೋಡಿ

ನರ್ಸರಿಗೆ ಹೋದವರ ಕಣ್ಣು ಮೊದಲು ಹೋಗುವುದೇ ಗಿಡದ ಎತ್ತರಕ್ಕೆ. ನಾನೂ ಮೂರಡಿ ಬೆಳೆದ ಡುರಾಂಟಾ ಗಿಡಗಳನ್ನು ತಂದು ಸಾಲಾಗಿ ನೆಟ್ಟಿದ್ದೆ. ಎರಡು ವರ್ಷದಲ್ಲಿ ಮೇಲೆ ಕೊಡೆ ಬಿಚ್ಚಿದ ಹಾಗೆ ಹಸಿರು, ಕೆಳಗೆ ಬರೀ ಕಡ್ಡಿ. ನಾಯಿ, ಬೆಕ್ಕು ಆರಾಮಾಗಿ ನುಸುಳಿ ಓಡಾಡುತ್ತಿದ್ದವು. ಹೆಸರಿಗೆ ಡುರಾಂಟಾ, ನನ್ನ ಪಾಲಿಗೆ ದುರಂತ.

ತಪ್ಪು ಗಿಡದ್ದಲ್ಲ, ನನ್ನದು. ಈಗ ಒಂದಡಿಯ ಗಿಡವನ್ನೇ ತರುತ್ತೇನೆ. ಬುಡದಿಂದಲೇ ನಾಲ್ಕೈದು ಕವಲು ಒಡೆದಿರಬೇಕು, ಅಷ್ಟೇ.

ಗಿಡ ತರುವ ಮೊದಲು ಬಿಸಿಲು ಅಳೆಯಿರಿ. ರಜೆಯ ದಿನ ಸಾಲಿನುದ್ದಕ್ಕೂ ಮೂರು ಕಡೆ ಕೋಲು ನೆಟ್ಟು, ಗಂಟೆಗೊಮ್ಮೆ ಯಾವುದರ ಮೇಲೆ ಬಿಸಿಲಿದೆ ಎಂದು ಬರೆದಿಡಿ. ದಿನಕ್ಕೆ 6 ಗಂಟೆ ನೇರ ಬಿಸಿಲು ಬಿದ್ದರೆ ಅದು ಬಿಸಿಲಿನ ಜಾಗ. ನನ್ನ ಸಾಲಿನ ಒಂದು ಮೂಲೆಗೆ ನೀರಿನ ಟ್ಯಾಂಕಿನ ನೆರಳು ಬೀಳುತ್ತಿತ್ತು. ಅಲ್ಲಿ ಹಳದಿ ಡುರಾಂಟಾದ ಎಲೆ ಬಂಗಾರದ ಬಣ್ಣ ಕಳೆದುಕೊಂಡು ಸಾದಾ ಹಸಿರಾಯಿತು. ಒಂದೇ ಬೇಲಿಗೆ ಎರಡು ಬಣ್ಣ!

ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಕತ್ತರಿ ಎಷ್ಟು ಸಲ ಹಿಡಿಯುತ್ತೀರಿ? ಡುರಾಂಟಾ ಬೇಗ ಬೆಳೆಯುತ್ತದೆ, ಮಳೆಗಾಲದಲ್ಲಿ ಪದೇ ಪದೇ ಸವರಬೇಕು. ಅದರ ಹಳದಿ ಕಾಯಿ ವಿಷ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಬೇಡ. ಕಣಗಿಲೆಯಂತೂ ಬೇರಿನಿಂದ ಹೂವಿನ ತನಕ ವಿಷ, ಸವರಿದ ಕಡ್ಡಿಯನ್ನು ಸುಡಲೂಬಾರದು. ಆದರೆ ಬಿಸಿಲು, ಬರ ಎರಡನ್ನೂ ಅದರಷ್ಟು ತಡೆಯುವ ಗಿಡ ಕಡಿಮೆ. ಜನ ಓಡಾಡದ ದೂರದ ಅಂಚಿಗೆ ಅಡ್ಡಿಯಿಲ್ಲ.

ನನ್ನ ಆಯ್ಕೆ ಕಾಮಿನಿ. ನಿಧಾನ, ನಿಜ. ಆದರೆ ಚಿಕ್ಕ ಎಲೆ, ಒತ್ತಾದ ಕವಲು, ಬಿಳಿ ಹೂವಿನ ಘಮ. ವರ್ಷಕ್ಕೆ ಮೂರ್ನಾಲ್ಕು ಸಲ ಸವರಿದರೆ ಸಾಕು. ನಿಂಬೆ ಗಿಡ ಹತ್ತಿರವಿದ್ದರೆ ಮಾತ್ರ ಬೇಡ. ಎರಡೂ ಒಂದೇ ಕುಟುಂಬದವು. ನಿಂಬೆಗೆ ರೋಗ ಹರಡುವ ಒಂದು ಕೀಟ ಕಾಮಿನಿಯಲ್ಲೂ ಮನೆ ಮಾಡುತ್ತದೆ. ನೀರು ಹಾಕಲು ಪುರುಸೊತ್ತಿಲ್ಲದವರಿಗೆ ಬಂದರಿಕೆ ಒಳ್ಳೆಯದು, ಕಲ್ಲುಮಣ್ಣಿನಲ್ಲೂ ಬದುಕುತ್ತದೆ.

ಗೊಂಚಲು ಹೂವಿನ ಕೇಪಳ (ಇಕ್ಸೋರಾ) ನೆಡುವ ಮೊದಲು ಮಣ್ಣು ಕೆದಕಿ ನೋಡಿ. ಗೋಡೆ ಕಟ್ಟಿದಾಗ ಉಳಿದ ಸಿಮೆಂಟು, ಸುಣ್ಣ ಅಲ್ಲೇ ಹೂತಿರುತ್ತದೆ. ಕೇಪಳಕ್ಕೆ ಹುಳಿ, ಅಂದರೆ ಆಮ್ಲೀಯ ಮಣ್ಣು ಬೇಕು. ಸುಣ್ಣದ ಮಣ್ಣಿನಲ್ಲಿ ಚಿಗುರೆಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಕಬ್ಬಿಣಾಂಶ ಮಣ್ಣಲ್ಲಿದ್ದರೂ ಬೇರಿಗೆ ಎಟುಕದ ಸ್ಥಿತಿ ಅದು. ನಾನು ಗೊಬ್ಬರ ಸುರಿದೂ ಸುರಿದೂ ಸೋತು, ಕೊನೆಗೆ ಮಣ್ಣನ್ನೇ ಬದಲಿಸಿದೆ.

ನೆಡುವಾಗ ಗೋಡೆಯಿಂದ ಎರಡಡಿ ಬಿಡಿ, ಇಲ್ಲದಿದ್ದರೆ ಹಿಂದಿನ ಮಗ್ಗುಲು ಸವರಲು ಕೈ ಹೋಗುವುದಿಲ್ಲ. ಕಾಮಿನಿಗೆ ಒಂದೂವರೆ ಅಡಿ ಅಂತರ, ಕಣಗಿಲೆಗೆ ಮೂರಡಿ. ಬೇರು ಹಿಡಿದು ಹೊಸ ಚಿಗುರು ಬಂದ ಮೇಲೆ ತುದಿಯಿಂದ ಮೂರನೇ ಒಂದು ಭಾಗ ಕತ್ತರಿಸಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ತುದಿ ಹೋದರೇನೇ ಬುಡದ ಮೊಗ್ಗು ಕಣ್ಣು ಬಿಡುವುದು. ಮುಂದೆ ಸವರುವಾಗಲೂ ಕೆಳಗೆ ಅಗಲ, ಮೇಲೆ ಕಿರಿದು ಇರಲಿ. ಬುಡದ ಎಲೆಗೂ ಬಿಸಿಲು ತಾಗಬೇಕಲ್ಲ.