ಕತ್ತರಿಸೋ ಮೊದಲು ನೋಡೋದು: ಚರ್ಮದ ಕ್ಯಾನ್ಸರ್ ಅನುಮಾನ ಬಂದಾಗ ನಾನು ಮಾಡೋ ಕ್ರಮ

"ಡಾಕ್ಟ್ರೇ, ಕತ್ತರಿಸದೇನೇ ಇದು ಕ್ಯಾನ್ಸರಾ ಅಲ್ವಾ ಅಂತ ಹೇಳಕ್ಕಾಗಲ್ವಾ?" ಚರ್ಮದ ಡಾಕ್ಟರ್ ಆಗಿರೋ ಯಾರಿಗಾದ್ರೂ ಈ ಪ್ರಶ್ನೆ ಬಂದೇ ಬರತ್ತೆ. ನಾನು ಹೇಳೋದಿಷ್ಟು: ಕತ್ತರಿಸ್ಬೇಕಾ ಬೇಡ್ವಾ, ಕತ್ತರಿಸೋದಾದ್ರೆ ಎಲ್ಲಿ, ಎಷ್ಟು ಆಳಕ್ಕೆ, ಇದನ್ನೆಲ್ಲ ಇಮೇಜಿಂಗ್ (ಸಾಧನಗಳಿಂದ ಚರ್ಮದ ಒಳಗಿನ ಚಿತ್ರ ನೋಡೋದು) ಚೆನ್ನಾಗಿ ತಿಳಿಸತ್ತೆ, ಕ್ಯಾನ್ಸರ್ ಹೌದು ಅಂತ ಖಚಿತ ಮಾಡೋದು ಮಾತ್ರ ಬಯಾಪ್ಸಿನೇ, ಅಂದ್ರೆ ಚರ್ಮದ ತುಂಡು ತೆಗೆದು ಲ್ಯಾಬಲ್ಲಿ ಪರೀಕ್ಷಿಸೋದು. ಈ ಗೆರೆ ಮನಸ್ಸಲ್ಲಿ ಸ್ಪಷ್ಟ ಇದ್ರೆ ಮಷೀನ್‌ಗಳು ತುಂಬಾ ಉಪಯೋಗಕ್ಕೆ ಬರತ್ವೆ.

ಮೊದಲು ಯಾವ ಸಾಧನವೂ ಇಲ್ದೆ ಇಡೀ ಮೈ ನೋಡ್ತೀನಿ. ಅವರು ತೋರಿಸೋಕೆ ಬಂದ ಕಲೆ ಒಂದೇ ಅಲ್ಲ, ಬೆನ್ನು, ತಲೆಬುರುಡೆ, ಕಿವಿ ಹಿಂದೆ, ಅಂಗಾಲು, ಕಾಲ್ಬೆರಳ ಸಂದಿ, ಉಗುರು (ಬಣ್ಣ ಹಚ್ಚಿದ್ರೆ ತೆಗೆಸಿ), ಎಲ್ಲ. ಒಬ್ಬರ ಮೈಮೇಲಿನ ಮಚ್ಚೆಗಳು ಸಾಮಾನ್ಯವಾಗಿ ಒಂದಕ್ಕೊಂದು ಹೋಲ್ತವೆ, ಆ ಗುಂಪಿಗೆ ಸೇರದೆ ಒಂದೇ ಬೇರೆ ಥರ ಕಾಣ್ತಿದ್ರೆ ನನ್ನ ಕಣ್ಣು ಅಲ್ಲಿ ನಿಲ್ಲತ್ತೆ.

ಆಮೇಲೆ ಡರ್ಮೋಸ್ಕೋಪ್. ಕೈಯಲ್ಲಿ ಹಿಡಿಯೋ ಸಣ್ಣ ಸಾಧನ, ಸುಮಾರು 10 ಪಟ್ಟು ದೊಡ್ಡದಾಗಿ ತೋರಿಸತ್ತೆ, ಆದ್ರೆ ಅದರ ನಿಜವಾದ ಶಕ್ತಿ ದೊಡ್ಡದು ಮಾಡೋದ್ರಲ್ಲಿಲ್ಲ, ಚರ್ಮದ ಮೇಲ್ಮೈಯಿಂದ ಬರೋ ಹೊಳಪನ್ನ ತೆಗೆದು ಒಳಗಿನ ಪದರ ಕಾಣೋ ಹಾಗೆ ಮಾಡೋದ್ರಲ್ಲಿದೆ. ಪೋಲರೈಸ್ಡ್ ಬೆಳಕು (ಒಂದೇ ದಿಕ್ಕಲ್ಲಿ ಕಂಪಿಸೋ ಹಾಗೆ ಸೋಸಿದ್ದು), ಸಾದಾ ಬೆಳಕು ಎರಡರಲ್ಲೂ ನೋಡೋ ಅಭ್ಯಾಸ ಇಟ್ಕೊಂಡಿದೀನಿ, ಯಾಕಂದ್ರೆ ರಕ್ತನಾಳ ಮತ್ತು ಬಿಳಿ ಹೊಳೆಯೋ ಗೆರೆಗಳು ಪೋಲರೈಸ್ಡ್‌ನಲ್ಲಿ ಚೆನ್ನಾಗಿ ಕಾಣತ್ವೆ, ವಯಸ್ಸಾದವರಲ್ಲಿ ಬರೋ, ಕ್ಯಾನ್ಸರ್ ಅಲ್ಲದ ಸೆಬೊರಿಕ್ ಕೆರಟೋಸಿಸ್‌ನ ಬಿಳಿ ಚುಕ್ಕೆಗಳು ಸಾದಾ ಬೆಳಕಲ್ಲಿ ಎದ್ದು ಕಾಣತ್ವೆ. ಸಾದಾ ಬೆಳಕಿಗೆ ಮಧ್ಯೆ ದ್ರವ ಬೇಕು, ನಾನು ಹೆಚ್ಚಾಗಿ ಆಲ್ಕೋಹಾಲ್ ಹಾಕ್ತೀನಿ, ಕಣ್ಣಿನ ಹತ್ತಿರ ಮತ್ತು ಉಗುರಿಗೆ ಅಲ್ಟ್ರಾಸೌಂಡ್ ಜೆಲ್. ಗುಲಾಬಿ ಬಣ್ಣದ ಗಂಟಾದ್ರೆ ಒತ್ತಲೇಬಾರದು, ಒತ್ತಿದ್ರೆ ರಕ್ತನಾಳ ಖಾಲಿಯಾಗಿ ಮುಖ್ಯ ಸುಳಿವೇ ಮಾಯ.

ಒಳಗೆ ನಾನು ಮೊದಲು ಓದೋದು ಬಣ್ಣ. ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ಒಂದೇ ವಸ್ತು, ಆದ್ರೆ ಅದಿರೋ ಆಳದ ಮೇಲೆ ಬಣ್ಣ ಬದಲಾಗತ್ತೆ: ತೀರಾ ಮೇಲಿದ್ರೆ ಕಪ್ಪು, ಹೊರಚರ್ಮದ ಕೆಳಭಾಗದಲ್ಲಿದ್ರೆ ಕಂದು, ಒಳಚರ್ಮದ ಮೇಲ್ಭಾಗಕ್ಕಿಳಿದ್ರೆ ಬೂದು, ಇನ್ನೂ ಕೆಳಗೆ ಹೋದ್ರೆ ನೀಲಿ. ಅಂದ್ರೆ ನೀಲಿ ಕಂಡ್ರೆ ಬಣ್ಣ ಆಳಕ್ಕಿಳಿದಿದೆ ಅಂತ ಅರ್ಥ. ಮೆಲನೋಮ (ಬಣ್ಣ ತಯಾರಿಸೋ ಕೋಶಗಳಿಂದ ಹುಟ್ಟೋ ಅಪಾಯಕಾರಿ ಚರ್ಮದ ಕ್ಯಾನ್ಸರ್) ಥರದ್ದನ್ನ ಅನುಮಾನಿಸೋಕೆ ಕಲಿಯೋರಿಗೆ ನಾನು ಹೇಳ್ಕೊಡೋದು ಮೂರು ಅಂಶದ ಪಟ್ಟಿ: ಬಣ್ಣ ಅಥವಾ ರಚನೆಯಲ್ಲಿ ಎರಡು ಬದಿ ಹೊಂದಿಕೆಯಾಗದೇ ಇರೋದು, ಬಲೆಯಂಥ ಗೆರೆಗಳು ದಪ್ಪ-ಸಣ್ಣ ಆಗಿ ಕೆಟ್ಟಿರೋದು, ನೀಲಿ-ಬಿಳಿ ಭಾಗ ಇರೋದು. ಇದ್ರಲ್ಲಿ ಎರಡು ಕಂಡ್ರೂ ಬಯಾಪ್ಸಿ ಕಡೆ ಹೋಗ್ಬೇಕು. ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಆದ ಬೇಸಲ್ ಸೆಲ್ ಕಾರ್ಸಿನೋಮದಲ್ಲಿ ಬೇರೆ ಚಿತ್ರ, ಕೊಂಬೆ ಕವಲೊಡೆದ ಹಾಗೆ ಸ್ಪಷ್ಟವಾದ ಕೆಂಪು ರಕ್ತನಾಳ, ಬೂದು-ನೀಲಿ ಮೊಟ್ಟೆಯಾಕಾರದ ಗುಂಪುಗಳು, ಅಂಚಲ್ಲಿ ಎಲೆಯಂಥ ಭಾಗ, ಸಣ್ಣ ಹುಣ್ಣು. ಕಪ್ಪು ಚರ್ಮದವರಲ್ಲಿ ಈ ಕ್ಯಾನ್ಸರ್ ಹೆಚ್ಚಾಗಿ ಕಪ್ಪಾಗೇ ಬರತ್ತೆ, ಬರಿಗಣ್ಣಿಗೆ ಮಚ್ಚೆ ಅನ್ಸತ್ತೆ, ಡರ್ಮೋಸ್ಕೋಪ್ ಇಟ್ಟ ತಕ್ಷಣ ವಿಷಯ ಬೇರೆ ಅಂತ ಗೊತ್ತಾಗತ್ತೆ.

ಅಂಗಾಲಿನ ವಿಷಯ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಕಪ್ಪು ಚರ್ಮದವರಲ್ಲಿ ಮೆಲನೋಮ ಬಿಸಿಲಿಗೆ ಬೀಳೋ ಜಾಗಕ್ಕಿಂತ ಅಂಗಾಲು, ಅಂಗೈ, ಉಗುರಿನ ಕೆಳಗೇ ಹೆಚ್ಚು, ಮತ್ತು ಅಲ್ಲಿ ಯಾರೂ ನೋಡಲ್ಲ. ಅಂಗಾಲಿನ ಚರ್ಮ ಉತ್ತ ಹೊಲದ ಹಾಗೆ, ತಗ್ಗು-ಉಬ್ಬು ಗೆರೆ ಸಾಲಾಗಿ ಇರತ್ತೆ. ಬಣ್ಣ ತಗ್ಗಿನ ಗೆರೆಯಲ್ಲಿ ಮಾತ್ರ ಇದ್ರೆ ಹೆಚ್ಚಾಗಿ ಸಾಮಾನ್ಯ ಮಚ್ಚೆ, ಉಬ್ಬಿನ ಮೇಲೆ ಇದ್ರೆ ಮೆಲನೋಮ ಅಂತ ಗಟ್ಟಿ ಅನುಮಾನ. ಜಪಾನಿನ ಚರ್ಮತಜ್ಞರು ವಿವರವಾಗಿ ತೋರಿಸ್ಕೊಟ್ಟ ವಿಷಯ ಇದು, ನನ್ನ ಮಟ್ಟಿಗೆ ಡರ್ಮೋಸ್ಕೋಪಿಯಲ್ಲೇ ಅತಿ ಬೆಲೆಬಾಳೋ ಸುಳಿವು. ತಗ್ಗು ಯಾವ್ದು ಉಬ್ಬು ಯಾವ್ದು ಅಂತ ಗೊಂದಲ ಆದ್ರೆ ಬೆವರಿನ ರಂಧ್ರ ಹುಡುಕಿ, ಬಿಳಿ ಚುಕ್ಕೆಗಳು ದಾರಕ್ಕೆ ಪೋಣಿಸಿದ ಥರ ಸಾಲಾಗಿ ಇರೋದು ಉಬ್ಬಿನ ಮೇಲೇನೇ. ಅದೂ ಕಾಣದಿದ್ರೆ ಪೆನ್ನಿನ ಇಂಕ್ ಹಚ್ಚಿ ಒರೆಸ್ತೀನಿ, ತಗ್ಗಲ್ಲಿ ಇಂಕ್ ಉಳಿಯತ್ತೆ. ಹೊಸ ಚಪ್ಪಲಿ ಉಜ್ಜಿ ರಕ್ತ ಹೆಪ್ಪುಗಟ್ಟಿದ್ರೂ ಉಬ್ಬಿನ ಮೇಲೆ ಕಪ್ಪಾಗಬಹುದು, ಅದು ಕೆಂಪು-ಕಪ್ಪು ಗುಂಡುಗಳಾಗಿ ಕಾಣತ್ತೆ, ಮೇಲಿನ ಪದರ ಹೆರೆದ್ರೆ ಹೆಚ್ಚಿನ ಸಲ ಉದುರತ್ತೆ. ಆದ್ರೆ ಮೆಲನೋಮದಲ್ಲೂ ರಕ್ತ ಬರಬಹುದು, ಅದಕ್ಕೆ ಹೆರೆದಾದ್ಮೇಲೆ ಮತ್ತೆ ನೋಡ್ಲೇಬೇಕು.

ಉಗುರಲ್ಲಿ ಕಪ್ಪು ಪಟ್ಟೆ ಹಲವು ಬೆರಳಲ್ಲಿ ಇದ್ರೆ ಕಪ್ಪು ಚರ್ಮದವರಲ್ಲಿ ಅದು ಬಹಳ ಸಹಜ. ಒಂದೇ ಬೆರಳಲ್ಲಿ, ಬುಡದ ಕಡೆ ಅಗಲ ಆಗ್ತಾ ಇದ್ರೆ, ಗೆರೆಗಳ ಬಣ್ಣ-ದಪ್ಪ ಏರುಪೇರಿದ್ರೆ, ಉಗುರಿನ ಸುತ್ತಲ ಚರ್ಮಕ್ಕೂ ಕಪ್ಪು ಹರಡಿದ್ರೆ ಕಾಯ್ಬೇಡಿ.

ಎಲ್ಲವೂ ಒಂದೇ ದಿನ ತೀರ್ಮಾನ ಆಗಲ್ಲ. ಚಪ್ಪಟೆ ಮಚ್ಚೆ ಸ್ವಲ್ಪ ಅನುಮಾನ ಅಷ್ಟೇ ಇದ್ರೆ ಡರ್ಮೋಸ್ಕೋಪ್ ಫೋಟೋ ತೆಗೆದಿಟ್ಟು ಸುಮಾರು 3 ತಿಂಗಳಿಗೆ ಮತ್ತೆ ತೆಗೆದು ಪಕ್ಕಪಕ್ಕ ಇಡ್ತೀನಿ, ಅದೇ ಬೆಳಕು, ಅದೇ ಕೋನ, ಪಕ್ಕದಲ್ಲಿ ಅಳತೆಪಟ್ಟಿ, ಇಲ್ಲಾಂದ್ರೆ ಹೋಲಿಸಿದ್ದಕ್ಕೆ ಅರ್ಥ ಇಲ್ಲ. ಎತ್ತರಕ್ಕೆ ಬೆಳೆದ ಗಂಟನ್ನ ಮಾತ್ರ ಹೀಗೆ ಕಾಯ್ಸಲ್ಲ, ಕಾಯ್ಸಲೂಬಾರದು. ಉಬ್ಬಿದೆ, ಗಟ್ಟಿಯಿದೆ, ಬೆಳೀತಿದೆ ಅಂದ್ರೆ ಅದು ನೋಡ್ಯುಲರ್ ಮೆಲನೋಮ ಆಗಿರಬಹುದು, ಅದರ ವೇಗಕ್ಕೆ 3 ತಿಂಗಳು ತುಂಬಾ ದೊಡ್ಡ ಸಮಯ.

ಡರ್ಮೋಸ್ಕೋಪ್‌ನಲ್ಲಿ ಬಗೆಹರಿಯದ ಮುಖದ ಕಲೆಗಳಿಗೆ, ಎಲ್ಲಿ ಗಾಯದ ಗುರುತು ಉಳಿದ್ರೆ ಕಷ್ಟವೋ ಅಲ್ಲಿಗೆ, ಕಾನ್‌ಫೋಕಲ್ ಮೈಕ್ರೋಸ್ಕೋಪ್ ಸೌಲಭ್ಯ ಇರೋ ಕಡೆ ಕಳಿಸ್ತೀನಿ. 1995ರಲ್ಲಿ ವಿಜ್ಞಾನಿ ಮಿಲಿಂದ್ ರಾಜಾಧ್ಯಕ್ಷ ಮತ್ತು ಜೊತೆಗಾರರು ಜೀವಂತ ಮನುಷ್ಯರ ಚರ್ಮದಲ್ಲಿ ಇದನ್ನ ತೋರಿಸಿದ್ರು. 830 ನ್ಯಾನೋಮೀಟರ್ ಲೇಸರ್ ಬಳಸಿ ಒಂದೊಂದು ಕೋಶ ಕಾಣೋ ಅಷ್ಟು ಸ್ಪಷ್ಟ ಚಿತ್ರ ಕೊಡತ್ತೆ, ಮೆಲನಿನ್ ಇರೋ ಕೋಶ ಬೆಳ್ಳಗೆ ಹೊಳೆಯತ್ತೆ. ಮಿತಿ ಆಳದ್ದು, 200ರಿಂದ 250 ಮೈಕ್ರಾನ್ (ಹೆಚ್ಚಂದ್ರೆ ಕಾಲು ಮಿಲಿಮೀಟರ್) ಅಷ್ಟೇ, ಅದಕ್ಕೆ ಅಂಗಾಲಿನ ದಪ್ಪ ಚರ್ಮದಲ್ಲಿ ಇದ್ರಿಂದ ಹೆಚ್ಚು ನಿರೀಕ್ಷೆ ಇಟ್ಕೋಬೇಡಿ. ಬೆಳಕಿನಿಂದ ಚರ್ಮದ ಅಡ್ಡಸೀಳು ಚಿತ್ರ ತೆಗೆಯೋ ಒಸಿಟಿ ಅನ್ನೋದು 1ರಿಂದ 2 ಮಿಲಿಮೀಟರ್ ತನಕ ಹೋಗತ್ತೆ, ಆದ್ರೆ ಅಷ್ಟು ಸ್ಪಷ್ಟ ಇಲ್ಲ, ಬೇಸಲ್ ಸೆಲ್‌ಗೆ ಚೆನ್ನಾಗಿದೆ, ಮೆಲನೋಮ ತೀರ್ಮಾನಕ್ಕೆ ನಾನು ಅದನ್ನ ನಂಬಲ್ಲ.

ಆಪರೇಷನ್ ನಿಗದಿ ಆದ್ಮೇಲೆ ಹೈ ಫ್ರೀಕ್ವೆನ್ಸಿ ಅಲ್ಟ್ರಾಸೌಂಡ್. 20 ಮೆಗಾಹರ್ಟ್ಸ್ ಪ್ರೋಬ್ ಸುಮಾರು 6-7 ಮಿಲಿಮೀಟರ್ ಆಳ ನೋಡತ್ತೆ, ಗಡ್ಡೆ ಕಪ್ಪಾಗಿ ಕಾಣತ್ತೆ. ಮೂಗಿನ ಮೇಲಿನ ಬೇಸಲ್ ಸೆಲ್ ಮೃದ್ವಸ್ಥಿ ತನಕ ಇಳಿದಿದ್ಯಾ ಅಂತ ಸರ್ಜನ್‌ಗೆ ಮೊದಲೇ ಹೇಳಬಹುದು. ಗಡ್ಡೆ ಕೆಳಗೆ ಉರಿಯೂತ ಇದ್ರೆ ಅದೂ ಕಪ್ಪಾಗೇ ಕಾಣೋದ್ರಿಂದ ದಪ್ಪ ನಿಜಕ್ಕಿಂತ ಜಾಸ್ತಿ ಬರತ್ತೆ, ರಿಪೋರ್ಟಲ್ಲಿ ಆ ಮಾತು ಬರೆದೇ ಕೊಡ್ತೀನಿ.

ಫೋನ್ ಆಪ್ ಹಾಕಿ ನೋಡಿದೀನಿ, ಏನೂ ಇಲ್ಲ ಅಂತ ಬಂತು ಅನ್ನೋರಿಗೆ ನನ್ನ ಕಳಕಳಿ ಒಂದೇ, ಇಂಥ ಪ್ರೋಗ್ರಾಂಗಳು ಕಲಿತ ಚಿತ್ರಗಳಲ್ಲಿ ಕಪ್ಪು ಚರ್ಮದವರದ್ದು ಬಹಳ ಕಮ್ಮಿ. ಅದರ ಉತ್ತರ ನಂಬಿ ಮನೇಲಿ ಕೂರಬೇಡಿ.

ಕೊನೇದಾಗಿ ಬಯಾಪ್ಸಿ ಕಳಿಸೋವಾಗ ಬರೀ "ಕಪ್ಪು ಕಲೆ, ಮೆಲನೋಮ ಇದ್ಯಾ ನೋಡಿ" ಅಂತ ನಾನು ಬರೆಯಲ್ಲ. ಡರ್ಮೋಸ್ಕೋಪ್ ಫೋಟೋ ಜೊತೆಗಿಟ್ಟು, ಯಾವ ಮೂಲೆಯಲ್ಲಿ ನೀಲಿ ಕಂಡಿತೋ ಅಲ್ಲಿ ಗುರುತು ಹಾಕಿ, ಆ ಭಾಗವನ್ನ ಕಡ್ಡಾಯವಾಗಿ ಕತ್ತರಿಸಿ ನೋಡಿ ಅಂತ ಕೇಳ್ಕೊಳ್ತೀನಿ, ಯಾಕಂದ್ರೆ ಆ ತುಂಡನ್ನ ಪರೀಕ್ಷಿಸೋ ಪೆಥಾಲಜಿಸ್ಟ್ ಸಾಮಾನ್ಯವಾಗಿ ನೋಡೋದು ಇಡೀ ತುಂಡಿನ ಕೆಲವೇ ತೆಳು ಪದರಗಳನ್ನ. ರಿಪೋರ್ಟ್ ಸಾದಾ ಮಚ್ಚೆ ಅಂತ ಬಂದು, ಚಿತ್ರದಲ್ಲಿ ಉಬ್ಬಿನ ಗೆರೆ ತುಂಬಾ ಕಪ್ಪು ಇದ್ರೆ, ಫೋನ್ ಮಾಡಿ ಇನ್ನೂ ಒಳಗಿನ ಪದರ ತೆಗೆಸಿ ನೋಡಿಸ್ತೀನಿ, ಆಗ್ಲೂ ಹೊಂದದಿದ್ರೆ ಮತ್ತೆ ಬಯಾಪ್ಸಿ ಮಾಡ್ತೀನಿ.